‘ಶಿಕ್ಷೆ’ಗೆ ಬದಲು ಏನು? ಶಾಲೆಯ ನಿಯಮಪುಸ್ತಕಕ್ಕೊಂದು ತಲೆಬರಹ ಬೇಕು

ಕರಡಿನಕ್ಕ, ಧಾರವಾಡ

ಒಂದು ಶಾಲೆಯವರ ನಿಯಮಪುಸ್ತಕವನ್ನು ಕನ್ನಡದಲ್ಲಿ ಸಿದ್ಧಪಡಿಸಿಕೊಡುವ ಕೆಲಸ ಕೈಗೆ ಬಂದಿದೆ. ಪಾಲಕರಿಗೆ ಹಂಚುವಂಥದ್ದು. ಮಗು ತಪ್ಪು ಮಾಡಿದರೆ ಶಾಲೆ ಏನು ಮಾಡುತ್ತದೆ ಅನ್ನೋದಕ್ಕೆ ಅದರಲ್ಲಿ ಒಂದು ಅಧ್ಯಾಯವೇ ಇದೆ. ಗೋಡೆ ಮೇಲೆ ಗೀಚಿದವರು ತಾವೇ ನೀರು, ಬಟ್ಟೆ ತಂದು ಒರೆಸಬೇಕು. ಗೆಳೆಯನ ನೋಟ್‌ಬುಕ್ ಹರಿದವನು ಆ ಪಾಠವನ್ನು ಕೂತು ಬರೆದುಕೊಡಬೇಕು. ಹೊಡೆದಾಡಿಕೊಂಡ ಇಬ್ಬರನ್ನೂ ಎದುರುಬದುರು ಕೂರಿಸಿ ಯಾರಿಗೆ ಏನು ನೋವಾಯಿತು ಅಂತ ಅವರ ಬಾಯಿಂದಲೇ ಹೇಳಿಸಬೇಕು. ಏಟು, ಬೈಗುಳ ಯಾವುದೂ ಇಲ್ಲ.

ತಲೆಬರಹಕ್ಕೆ ಒದ್ದಾಡುತ್ತಿದ್ದೇನೆ. ‘ಶಿಕ್ಷೆ’ ಅಂತ ಹಾಕಿದರೆ ಆಡಳಿತ ಮಂಡಳಿಯವರು ‘ಅಯ್ಯೋ, ನಾವು ಶಿಕ್ಷೆ ಕೊಡೋದೇ ಇಲ್ಲ, ಕೇಸಾಗುತ್ತೆ’ ಅಂತಾರೆ. ‘ಶಿಸ್ತು ಕ್ರಮ’ ಅಂದರೆ ಯಾರನ್ನೋ ಅಮಾನತು ಮಾಡಿದ ಹಾಗಿದೆ. ‘ದಂಡನೆ’ ಅಂತೂ ಬಾಯಲ್ಲಿ ಇಡೋ ಹಾಗಿಲ್ಲ.

ಇದರ ನಡುವೆ ಹಳೆಯ ಪ್ರತಿಯ ಸಿಬ್ಬಂದಿ ಪಟ್ಟಿಯಲ್ಲಿ ‘ದೈಹಿಕ ಶಿಕ್ಷೆ ಶಿಕ್ಷಕರು: ಇಬ್ಬರು’ ಅಂತ ಅಚ್ಚಾಗಿದೆ. ಒಂದು ‘ಣ’ ಬಿದ್ದುಹೋಗಿ ಆಟದ ಸರ್ ಬೆತ್ತದ ಸರ್ ಆಗಿದ್ದಾರೆ. ಶಿಕ್ಷೆ, ಶಿಕ್ಷಣ ಒಂದೇ ಬೇರಿನವು ಅಂತ ಗೊತ್ತು. ಕನ್ನಡದಲ್ಲಿ ಇಷ್ಟು ದೂರ ಹೇಗೆ ಹೋದವು? ನನ್ನ ಅಧ್ಯಾಯಕ್ಕೆ ಯಾವ ಪದ ಹೊಂದುತ್ತೆ?

ಗೋಕಾಕ ಕರದಂಟು

ಅಕ್ಕಾರ, ನಮ್ಮ ಸಾಲ್ಯಾಗಿನ ಪಿ.ಟಿ. ಸರ್‌ಗೆ ಆ ಹೆಸರು ಬರೋಬ್ಬರಿ ಹೊಂದತಿತ್ತು. ಅದನ್ನ ತಿದ್ದಬ್ಯಾಡ್ರಿ, ಹಂಗ ಬಿಡ್ರಿ.

ಪದಚ್ಛೇದ, ಮೇಲುಕೋಟೆ

ಬೇರಿನಿಂದ ಶುರುಮಾಡೋಣ. ಸಂಸ್ಕೃತದ ‘ಶಕ್’ ಅಂದರೆ ಆಗುವುದು, ಸಾಮರ್ಥ್ಯ ಇರುವುದು. ‘ನನ್ನಿಂದ ಆಗಲಿ’ ಎಂಬ ಬಯಕೆಯ ರೂಪವೇ ‘ಶಿಕ್ಷ್’. ಸಂಸ್ಕೃತ ಧಾತುಗಳ ಪಟ್ಟಿಯಾದ ಧಾತುಪಾಠದಲ್ಲಿ ಇದಕ್ಕೆ ‘ವಿದ್ಯೋಪಾದಾನೇ’ ಎಂಬ ಅರ್ಥ ಕೊಟ್ಟಿದೆ, ಅಂದರೆ ವಿದ್ಯೆ ಪಡೆಯುವುದು. ವೇದದ ಆರು ಅಂಗಗಳಲ್ಲಿ ಒಂದು ‘ಶಿಕ್ಷಾ’, ಅದು ಉಚ್ಚಾರಣೆಯ ಶಾಸ್ತ್ರ. ತೈತ್ತಿರೀಯ ಉಪನಿಷತ್ತಿನ ಮೊದಲ ಭಾಗ ಶೀಕ್ಷಾವಲ್ಲಿ. ‘ಶೀ’ ಅಲ್ಲಿ ದೀರ್ಘವೇ, ಅಚ್ಚಿನ ತಪ್ಪಲ್ಲ. ‘ಶೀಕ್ಷಾಂ ವ್ಯಾಖ್ಯಾಸ್ಯಾಮಃ’ (ಶೀಕ್ಷೆಯನ್ನು ವಿವರಿಸುತ್ತೇವೆ) ಅಂದ ಮೇಲೆ ಮುಂದೆ ಬರುವುದೆಲ್ಲ ವರ್ಣ, ಸ್ವರ, ಮಾತ್ರೆ, ಬಲ. ಹೊಡೆತದ ಸುಳಿವೇ ಇಲ್ಲ.

ಪಕ್ಕದಲ್ಲಿ ಇನ್ನೊಂದು ಬೇರಿದೆ, ‘ಶಾಸ್’. ಆಳುವುದು, ಹೇಳಿಕೊಡುವುದು, ಅಂಕೆಯಲ್ಲಿಡುವುದು ಮೂರೂ ಇದರೊಳಗಿವೆ. ಶಾಸ್ತ್ರ, ಶಾಸನ, ಶಾಸಕ, ಶಿಷ್ಟ, ಶಿಷ್ಯ ಎಲ್ಲ ಇದರ ಮಕ್ಕಳು. ‘ತಕ್ಕ ಶಾಸ್ತಿ ಆಯ್ತು’ ಅನ್ನುತ್ತೇವಲ್ಲ, ಆ ಶಾಸ್ತಿಯೂ ಇದರದೇ. ಶಾಸಕರಿಗೂ ಶಾಸ್ತಿಗೂ ಇರುವ ನಂಟಿನ ಬಗ್ಗೆ ನಾನು ಮಾತಾಡುವುದಿಲ್ಲ.

ದೂರ ಹೋದದ್ದು ಹೇಗೆ ಅಂದರೆ, ಪಳಗಿಸುವ ಅರ್ಥದ ಸೇತುವೆ ಮೇಲಿಂದ ಅಂತ ನನ್ನ ಅಂದಾಜು. ಸಂಸ್ಕೃತದಲ್ಲಿ ಕುದುರೆ, ಆನೆಗಳನ್ನು ಪಳಗಿಸುವುದಕ್ಕೂ ಶಿಕ್ಷೆ ಅನ್ನುತ್ತಾರೆ. ಆನೆಯ ಪಾಠದಲ್ಲಿ ಅಂಕುಶ ಇದ್ದೇ ಇರುತ್ತದೆ. ಕಲಿಸುವುದಕ್ಕೂ ನೋಯಿಸುವುದಕ್ಕೂ ನಡುವೆ ಗೆರೆ ಎಳೆಯುವುದು ಅಲ್ಲಿ ಕಷ್ಟ.

ಕುಂದಾಪುರದವ

ಎಂತ ಮಾರಾಯ್ರೆ, ಆನೆ ತನಕ ಯಾಕೆ ಹೋಗೋದು, ಒಂದು ರಾತ್ರಿ ಬಯಲಾಟಕ್ಕೆ ಬನ್ನಿ. ‘ದುಷ್ಟ ಶಿಕ್ಷಣ, ಶಿಷ್ಟ ರಕ್ಷಣ’ ಅನ್ನೋದು ಕಿವಿಗೆ ಬೀಳದೆ ಬೆಳಗಾಗೋದಿಲ್ಲ. ವಿಷ್ಣುವಿಗೆ ‘ದುಷ್ಟ ಶಿಕ್ಷಕ’ ಅಂತಾರೆ. ರಾಕ್ಷಸರಿಗೆ ಟ್ಯೂಷನ್ ಹೇಳುವವನು ಅಂತ ಯಾರಾದರೂ ತಿಳಿದುಕೊಳ್ಳುತ್ತಾರಾ? ಅಂದ್ರೆ ಶಿಕ್ಷಣ, ಶಿಕ್ಷಕ ಎರಡಕ್ಕೂ ಹೊಡೆತದ ಅರ್ಥ ಇತ್ತು, ಈಗಲೂ ರಂಗಸ್ಥಳದ ಮೇಲೆ ಉಂಟು. ಶಾಲೆಯ ಬಾಗಿಲ ಹೊರಗೆ ಒಂದರ್ಥ, ಒಳಗೆ ಇನ್ನೊಂದು. ಕರಡಿನಕ್ಕ ಹೇಳಿದ ‘ಣ’ ಅಷ್ಟೇನೂ ಗಟ್ಟಿ ಗೋಡೆ ಅಲ್ಲ.

ಇನ್ನೊಂದು ನೋಡಿ. ‘ಸುಶಿಕ್ಷಿತ ಕುಟುಂಬದ ವರ’ ಅಂತ ಜಾಹೀರಾತು ಹಾಕುತ್ತಾರೆ. ಚೆನ್ನಾಗಿ ಶಿಕ್ಷೆ ಅನುಭವಿಸಿ ಬಂದವ ಅಂತ ಯಾರೂ ಓದುವುದಿಲ್ಲ.

ಪುಣೆ ಕನ್ನಡತಿ

ಈ ಗೊಂದಲ ನಮ್ಮದೊಂದೇ ಅಲ್ಲ. ಇಲ್ಲಿ ಮರಾಠಿಯಲ್ಲೂ ‘ಶಿಕ್ಷಾ’ ಅಂದರೆ ಜೈಲು, ಏಟು, ದಂಡ. ಓದು ಅಂದರೆ ‘ಶಿಕ್ಷಣ್’. ಕನ್ನಡದ ಪಡಿಯಚ್ಚು. ತೆಲುಗು, ಮಲಯಾಳದಲ್ಲೂ ಶಿಕ್ಷ ಅಂದರೆ ದಂಡನೆಯೇ. ಹಿಂದಿ, ಬಂಗಾಳಿಗೆ ಹೋದರೆ ಶಿಕ್ಷಾ ಅಂದರೆ ವಿದ್ಯೆ. ಏಟು ತಿನ್ನುವುದಕ್ಕೆ ಹಿಂದಿಯವರು ‘ಸಜಾ’ ಅಂತಾರೆ, ಬಂಗಾಳಿಗಳು ‘ಶಾಸ್ತಿ’ ಅಂತಾರೆ.

ಉತ್ತರದ ಕಡೆ ಹೆಣ್ಣುಮಕ್ಕಳಿಗೆ ಶಿಕ್ಷಾ ಅಂತ ಹೆಸರಿಡುತ್ತಾರೆ. ನನ್ನ ಪಕ್ಕದ ಮೇಜಿನ ಹುಡುಗಿಯ ಹೆಸರು ಅದೇ. ಊರಿಂದ ಬಂದ ಅಮ್ಮನಿಗೆ ಪರಿಚಯ ಮಾಡಿಸಿದರೆ ‘ಪಾಪ, ಅವರಪ್ಪ-ಅಮ್ಮಂಗೆ ಏನು ಕಷ್ಟ ಕೊಟ್ಟು ಹುಟ್ಟಿತೋ’ ಅಂದರು.

ಕೇಂದ್ರದ ‘ಸರ್ವ ಶಿಕ್ಷಾ ಅಭಿಯಾನ’ ಕರ್ನಾಟಕಕ್ಕೆ ಬಂದಾಗ ‘ಸರ್ವ ಶಿಕ್ಷಣ ಅಭಿಯಾನ’ ಆಯಿತು. ಆಮೇಲೆ ಬಂದ ‘ಸಮಗ್ರ ಶಿಕ್ಷಾ’ ಕೂಡ ನಮ್ಮಲ್ಲಿ ‘ಸಮಗ್ರ ಶಿಕ್ಷಣ ಕರ್ನಾಟಕ’. ಬದಲಾಯಿಸಿದವರು ಯಾರೇ ಇರಲಿ, ಕನ್ನಡದ ಕಿವಿ ಇದ್ದವರು. ‘ಎಲ್ಲರಿಗೂ ಶಿಕ್ಷೆ’ ಅಂತ ಶಾಲೆ ಗೋಡೆ ಮೇಲೆ ಬರೆಸಿದ್ದರೆ ಮಕ್ಕಳು ಬರುತ್ತಿದ್ದರೇ?

ಕರಿಕೋಟು, ಕಲಬುರಗಿ

ಕಾನೂನಿನ ಮಾತು ಬಂದಿರೋದರಿಂದ ಎರಡು ಮಾತು. 1860ರ ಕಾಯ್ದೆಗೆ ಕನ್ನಡದಲ್ಲಿ ‘ಭಾರತೀಯ ದಂಡ ಸಂಹಿತೆ’ ಅಂತಿದ್ದೆವು. 2024ರ ಜುಲೈ 1ರಿಂದ ಅದರ ಜಾಗಕ್ಕೆ ‘ಭಾರತೀಯ ನ್ಯಾಯ ಸಂಹಿತೆ’ ಬಂದಿದೆ. ಹೆಸರಿನಿಂದ ದಂಡ ಹೋಯಿತು, ಒಳಗಡೆ ಬಹುಪಾಲು ಹಾಗೇ ಇದೆ. 4ನೇ ಕಲಮಿನಲ್ಲಿ ಆರು ಬಗೆಯ ಶಿಕ್ಷೆ: ಮರಣ, ಜೀವಾವಧಿ, ಕಠಿಣ ಅಥವಾ ಸಾದಾ ಕಾರಾವಾಸ, ಆಸ್ತಿ ಮುಟ್ಟುಗೋಲು, ಜುಲ್ಮಾನೆ, ಮತ್ತೆ ಹೊಸದಾಗಿ ಸಮುದಾಯ ಸೇವೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು ಮೊದಲ ಸಲ ಸಿಕ್ಕಿಬಿದ್ದವನು ಅದನ್ನು ವಾಪಸು ಕೊಟ್ಟರೆ ಅವನಿಗೆ ಈ ಸಮುದಾಯ ಸೇವೆ. ಕರಡಿನಕ್ಕ, ನಿಮ್ಮ ಗೋಡೆ ಒರೆಸುವ ಹುಡುಗನ ದೊಡ್ಡಣ್ಣ ಅವನು. ಕಾಯ್ದೆ ಅದನ್ನೂ ‘ಶಿಕ್ಷೆ’ ಅಂತಲೇ ಕರೀತದೆ, ಗಮನಿಸಿ.

ಜುಲ್ಮಾನೆ ಅಂದರೆ ಜುಲುಮೆಯಿಂದ ವಸೂಲಿ ಮಾಡೋದು ಅಂತ ನನ್ನ ಕಕ್ಷಿದಾರರು ಬಹಳ ಮಂದಿ ತಿಳಕೊಂಡಾರ. ಮೂಲ ‘ಜುರ್ಮಾನಾ’, ಜುರ್ಮ್ ಅಂದರೆ ಅಪರಾಧ. ಕನ್ನಡದ ನಾಲಿಗೆಯಲ್ಲಿ ರಕಾರ ಲಕಾರ ಆಯ್ತು. ಕೋರ್ಟಿನ ಹೊರಗೆ ನಮ್ಮ ಕಡೆ ಯಾರೂ ಶಿಕ್ಷೆ ಅನ್ನೋದಿಲ್ಲ. ‘ಸಜಾ ಆತು’ ಅಷ್ಟೇ.

ಶಿಕ್ಷಣ ಹಕ್ಕಿನ ಕಾಯ್ದೆ, 2009ರ 17ನೇ ಕಲಮು ನಿಮ್ಮ ಆಡಳಿತ ಮಂಡಳಿಯವರನ್ನ ಹೆದರಿಸಿರೋದು. ಮಗುವಿಗೆ ದೈಹಿಕ ಶಿಕ್ಷೆ ಕೊಡಬಾರದು, ಮಾನಸಿಕ ಕಿರುಕುಳ ಕೊಡಬಾರದು. ಕೊಟ್ಟ ಶಿಕ್ಷಕರ ಮೇಲೆ ಸೇವಾ ನಿಯಮದ ಪ್ರಕಾರ ಶಿಸ್ತು ಕ್ರಮ. ನೋಡ್ರಿ ಮಜಾ: ಹುಡುಗನಿಗೆ ಮೇಷ್ಟ್ರು ಮಾಡಿದರೆ ಅದು ‘ಶಿಕ್ಷೆ’, ಮೇಷ್ಟ್ರಿಗೆ ಇಲಾಖೆ ಮಾಡಿದರೆ ‘ಶಿಸ್ತು ಕ್ರಮ’. ದೊಡ್ಡವರಾದ ಮೇಲೆ ಪದವೂ ಇಸ್ತ್ರಿ ಹಾಕಿಕೊಂಡು ಬರ್ತದ.

ಕೆಳದಿ ಸೀಮೆ

ಶಿಸ್ತು ಅಂದ ಕೂಡಲೇ ಕೈಕಟ್ಟಿ ನಿಲ್ಲುವುದು ಅನ್ನುವ ಅರ್ಥ ನಮ್ಮೂರಿನ ಮಟ್ಟಿಗೆ ಆಮೇಲಿನದು. ಕೆಳದಿಯ ಶಿವಪ್ಪ ನಾಯಕ, ಆಳಿದ್ದು 1645ರಿಂದ 1660, ಅವನಿಗೆ ‘ಶಿಸ್ತಿನ ಶಿವಪ್ಪ ನಾಯಕ’ ಅಂತಲೇ ಹೆಸರು. ಬೆತ್ತ ಹಿಡಿದದ್ದಕ್ಕೆ ಬಂದ ಹೆಸರಲ್ಲ. ಜಮೀನಿನ ಸತ್ವ ನೋಡಿ ತರಗತಿ ಮಾಡಿ ಕಂದಾಯ ಗೊತ್ತುಮಾಡಿದ, ಆ ನಿಗದಿಗೆ ‘ಶಿಸ್ತು’ ಅಂದರು. ಇಷ್ಟು ಕೊಡಬೇಕು, ಇದಕ್ಕಿಂತ ಹೆಚ್ಚು ಕೇಳುವಂತಿಲ್ಲ ಅನ್ನುವುದು ಅದರ ತಿರುಳು. ಶಾಲೆಗಳಿಗೂ ಈ ಶಿಸ್ತು ಬೇಕಾದ್ದೇ. ಮಗು ಏನು ಮಾಡಿದರೆ ಏನಾಗುತ್ತದೆ ಅಂತ ಮೊದಲೇ ಗೊತ್ತುಮಾಡಿ, ಅದಕ್ಕಿಂತ ಹೆಚ್ಚು ಮಾಡದಿರುವುದು.

ಹಳೇ ಮೇಷ್ಟ್ರು, ತುರುವೇಕೆರೆ

ಎಲ್ಲರದ್ದೂ ಓದಿದೆ ಸ್ವಾಮಿ. ನಾನು ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು, ಬೆತ್ತದ ಕಾಲವನ್ನೂ ಕಂಡವನು.

ನಮ್ಮ ತಾತ ಕೂಲಿಮಠದಲ್ಲಿ, ಅಂದರೆ ಹಳೇ ಕಾಲದ ಊರ ಶಾಲೆಯಲ್ಲಿ ಓದಿದವರು. ಅಲ್ಲಿ ಐಗಳು, ಅಂದರೆ ಮೇಷ್ಟ್ರು, ಕೊಡುತ್ತಿದ್ದ ಕೋದಂಡದ ಕಥೆ ಹೇಳೋರು. ಜಂತೆಗೆ ಒಂದು ಹಗ್ಗ ಕಟ್ಟಿರೋರು. ತಪ್ಪು ಮಾಡಿದ ಹುಡುಗನ ಎರಡೂ ಕೈ ಅದಕ್ಕೆ ಬಿಗಿದು, ಕಾಲು ನೆಲಕ್ಕೆ ತಾಗದ ಹಾಗೆ ತೂಗುಬಿಡೋರು. ಮಿಕ್ಕ ಹುಡುಗರು ಕೆಳಗೆ ಕೂತು ಮಗ್ಗಿ ಒಪ್ಪಿಸ್ತಾ ಇರಬೇಕು, ಮೇಲೆ ನೋಡೋ ಹಾಗಿಲ್ಲ. ತಾತ ಕೋದಂಡರಾಮನ ಗುಡಿಗೆ ಹೋಗೋಕೇ ಬಹಳ ವರ್ಷ ಹೆದರುತ್ತಿದ್ದರಂತೆ, ಆ ದೇವರು ಯಾರ್ಯಾರನ್ನ ತೂಗುಹಾಕ್ತಾನೋ ಅಂತ. ನಮ್ಮ ಕಾಲಕ್ಕೆ ಹಗ್ಗ ಹೋಗಿ ಗೋಡೆ ಕುರ್ಚಿ, ಬಸ್ಕಿ, ಬೆಂಚಿನ ಮೇಲೆ ನಿಲ್ಲಿಸೋದು, ಕಿವಿ ಹಿಂಡೋದು ಉಳಿದಿದ್ದವು. ಇದಕ್ಕೆಲ್ಲ ನಾವು ‘ಶಿಕ್ಷೆ’ ಅಂತ ಕೂಡ ಅನ್ನುತ್ತಿರಲಿಲ್ಲ. ‘ಬುದ್ಧಿ ಕಲಿಸೋದು’ ಅನ್ನುತ್ತಿದ್ದೆವು. ಹೆತ್ತವರೇ ಬಂದು ‘ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ ಮೇಷ್ಟ್ರೇ’ ಅಂತ ಬಿಟ್ಟು ಹೋಗೋರು.

ಆದರೆ ತಲೆಬರಹಕ್ಕೆ ಪದ ಬೇಕು ಅಂದರೆ ಅದು ಬೆತ್ತದ ಹತ್ತಿರ ಇಲ್ಲ, ಸ್ಲೇಟಿನ ಹತ್ತಿರ ಇದೆ. ಒಂದನೇ ಕ್ಲಾಸಿಗೆ ಹೊಸದಾಗಿ ಬಂದ ಮಗುವಿನ ಸ್ಲೇಟಿನ ತುಂಬ ಒಂದು ದೊಡ್ಡ ‘ಅ’ ಬರೀತೀವಿ. ಮಗು ಅದರ ಮೇಲೇ ಬಳಪ ಆಡಿಸಬೇಕು. ಮೊದಲ ಸುತ್ತು ಹೊರಗೆ ಹೋಗುತ್ತೆ, ಎರಡನೇದು ಹೊಟ್ಟೆ ಹತ್ತಿರ ಕೊಂಕುತ್ತೆ. ಆಡಿಸಿ ಆಡಿಸಿ ಅಕ್ಷರ ಬೆರಳು ದಪ್ಪ ಆಗಿರುತ್ತೆ, ಅಂಗೈ ಎಲ್ಲ ಬಿಳಿ. ಇದಕ್ಕೆ ‘ತಿದ್ದೋದು’ ಅಂತೀವಿ. ಕಲಿಯೋದಕ್ಕೂ ಸರಿಮಾಡೋದಕ್ಕೂ ಕನ್ನಡ ಇಟ್ಟುಕೊಂಡಿರೋ ಒಂದೇ ಮಾತು ಇದು. ಅಕ್ಷರ ತಿದ್ದೋದು, ಪೇಪರ್ ತಿದ್ದೋದು, ಮೀಸೆ ತಿದ್ದೋದು, ಮಗನನ್ನ ತಿದ್ದೋದು. ‘ಲೋಕದ ಡೊಂಕ ನೀವೇಕೆ ತಿದ್ದುವಿರಿ’ ಅಂತ ಬಸವಣ್ಣನವರು ಕೇಳಿದ್ದೂ ಇದೇ ಮಾತಲ್ಲಿ. ಶಿಕ್ಷೆ ಅನ್ನೋ ಪದ ಕಳಕೊಂಡ ಅರ್ಥವನ್ನ ತಿದ್ದು ಅನ್ನೋದು ಕಾಪಾಡಿಕೊಂಡು ಬಂದಿದೆ. ಅದನ್ನ ಬಳಸಿ ತಾಯಿ.

ಕರಿಕೋಟು, ಕಲಬುರಗಿ

ಮೇಷ್ಟ್ರೇ, ಒಪ್ಪಿದೆ. ಆದರೆ ಒಂದು ಎಚ್ಚರಿಕೆ: ‘ಪಹಣಿ ತಿದ್ದಿದ’, ‘ದಾಖಲೆ ತಿದ್ದಿದ’ ಅಂದರೆ ನಮ್ಮಲ್ಲಿ ಅದಕ್ಕೇ ಒಂದು ಕೇಸು.

ತಿಳಿಗನ್ನಡ

ತಿದ್ದಿಕೆ! ‘ತಿದ್ದಿಕೆ’ ಅಂತ ಹಾಕಿ. ಮೂರೇ ಅಕ್ಷರ, ಅಚ್ಚ ಕನ್ನಡ. ಶಿಕ್ಷೆ, ದಂಡ, ಶಾಸ್ತಿ, ಜುಲ್ಮಾನೆ ಎಲ್ಲ ಹೊರಗಿನಿಂದ ಬಂದವು. ಹೊಡೆತಕ್ಕೆ ಕನ್ನಡದಲ್ಲಿ ಪದವೇ ಇರಲಿಲ್ಲ, ಆಳುವವರು ತಂದರು ಅನ್ನೋದಕ್ಕೆ ಇದೇ ಸಾಕ್ಷಿ.

ಪದಚ್ಛೇದ, ಮೇಲುಕೋಟೆ

ಏಟು, ಪೆಟ್ಟು, ಬಡಿತ, ಗುದ್ದು, ಒದೆ, ಬರೆ, ಬಾಸುಂಡೆ. ಇವೆಲ್ಲ ಯಾವ ದೇಶದಿಂದ ಬಂದವು ಸ್ವಾಮಿ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದವರು ನಮ್ಮವರೇ.

‘ದಂಡ’ ಹೊರಗಿನದು ಅಂತ ತಳ್ಳಿಹಾಕುವ ಮುಂಚೆ ಅದು ಕನ್ನಡದಲ್ಲಿ ಎಷ್ಟು ಬೇರು ಬಿಟ್ಟಿದೆ ನೋಡಿ. ಮೂಲ ಅರ್ಥ ಕೋಲು. ಕೋಲು ಹಿಡಿದವರ ಗುಂಪು ದಂಡು, ಬೆಂಗಳೂರಿನಲ್ಲಿ ಆ ಹೆಸರಿನ ರೈಲು ನಿಲ್ದಾಣವೇ ಇದೆ. ಹೊಯ್ಸಳರ ದಂಡನಾಯಕ, ಈಗಿನ ತಹಶೀಲ್ದಾರರ ಬೋರ್ಡಿನ ಮೇಲಿನ ‘ತಾಲ್ಲೂಕು ದಂಡಾಧಿಕಾರಿ’ ಇಬ್ಬರೂ ಅದೇ ಕೋಲಿನವರು. ರಾಷ್ಟ್ರಕೂಟರ ತಾಮ್ರಪಟಗಳಲ್ಲಿ ಊರನ್ನು ದಾನ ಕೊಡುವಾಗ ‘ಸದಂಡದಶಾಪರಾಧ’ ಎಂಬ ಮಾತು ಬರುತ್ತದೆ: ಹತ್ತು ಅಪರಾಧಗಳಿಗೆ ವಸೂಲಾಗುವ ದಂಡದ ಹಣವೂ ದಾನ ಪಡೆದವನಿಗೇ. ಕೋಲು ಅಷ್ಟು ಹೊತ್ತಿಗಾಗಲೇ ಆದಾಯವಾಗಿತ್ತು. ಇವತ್ತು ಅದು ಇನ್ನೂ ಕೆಳಗಿಳಿದು ‘ಟಿಕೆಟ್ ದುಡ್ಡು ದಂಡ’ ಆಗಿದೆ.

ಒಂದು ಮಾತ್ರ ಹಳಬರಿಂದ ತೆಗೆದುಕೊಳ್ಳಬಹುದು. ಮನುಸ್ಮೃತಿಯಲ್ಲಿ ಬೇರೆ ಏನೇನಿದ್ದರೂ, ದಂಡಕ್ಕೆ ನಾಲ್ಕು ಮೆಟ್ಟಿಲು ಹೇಳಿದೆ: ಮೊದಲು ವಾಗ್ದಂಡ (ಮಾತಿನ ಎಚ್ಚರಿಕೆ), ಆಮೇಲೆ ಧಿಗ್ದಂಡ (ಛೀ ಅನ್ನುವುದು), ಮೂರನೆಯದು ಧನದಂಡ, ಕೊನೆಗೆ ವಧದಂಡ (ಮೈಗೆ ಕೊಡುವ ದಂಡ). ಸರ್ಕಾರಿ ನೌಕರರಿಗೆ ಇಂದಿಗೂ ‘ವಾಗ್ದಂಡನೆ’ ಇದೆ. ಧಿಗ್ದಂಡಕ್ಕೆ ಪತ್ರಿಕೆಯವರು ‘ಛೀಮಾರಿ’ ಅನ್ನುತ್ತಾರೆ. ಕೌಟಿಲ್ಯ ಇನ್ನೂ ನೇರ: ಕಟುವಾಗಿ ದಂಡಿಸುವವನನ್ನು ಕಂಡರೆ ಜನ ಬೆದರುತ್ತಾರೆ, ಮೆತ್ತಗೆ ದಂಡಿಸುವವನನ್ನು ಲೆಕ್ಕಕ್ಕಿಡುವುದಿಲ್ಲ, ತಕ್ಕಷ್ಟು ದಂಡಿಸುವವನಿಗೆ ಮರ್ಯಾದೆ.

ಎರಡು ಮಕ್ಕಳ ತಾಯಿ, ಮೈಸೂರು

ನೀವೆಲ್ಲ ಪದ ಹುಡುಕ್ತಾ ಇದೀರಿ. ನನಗೆ ಅನುಮಾನ ಬೇರೇನೇ. ಕನ್ನಡದಲ್ಲಿ ಎಷ್ಟು ಒಳ್ಳೆ ಪದ ತಂದುಕೊಟ್ಟರೂ ನಾವು ಅದನ್ನ ಹೊಡೆತಕ್ಕೆ ಹಚ್ಚಿಬಿಡ್ತೀವಿ. ‘ಬುದ್ಧಿ ಕಲಿಸ್ತೀನಿ’, ‘ಪಾಠ ಕಲಿಸ್ತೀನಿ’ ಎರಡೂ ಬೆದರಿಕೆ. ‘ಬಾ, ವಿಚಾರಿಸ್ಕೋತೀನಿ’ ಅಂದರೆ ಯಾರೂ ಕ್ಷೇಮ ಸಮಾಚಾರಕ್ಕೆ ಬರಲ್ಲ. ಮನೇಲಿ ಇವತ್ತು ಮಂಗಳಾರತಿ ಇದೆ ಅಂದರೆ ಹುಡುಗರಿಗೆ ಗೊತ್ತು ಯಾವ ಆರತಿ ಅಂತ. ಪೂಜೆ, ಸತ್ಕಾರ, ಸೇವೆ, ಚಳಿ ಬಿಡಿಸೋದು, ಗ್ರಹಚಾರ ಬಿಡಿಸೋದು... ದೇವರ ಕೆಲಸ, ವೈದ್ಯರ ಕೆಲಸ, ಜೋಯಿಸರ ಕೆಲಸ ಯಾವುದನ್ನೂ ಬಿಟ್ಟಿಲ್ಲ. ಶಿಕ್ಷೆಗೂ ಇದೇ ಗತಿ ಬಂದಿರಬೇಕು. ಕಲಿಸೋದು ಅಂತ ಶುರುವಾಗಿ, ಕಲಿಸೋರು ಹೊಡೆದೂ ಹೊಡೆದೂ ಪದಕ್ಕೇ ಬಾಸುಂಡೆ ಬಂತು.

ಅದಕ್ಕೇ ‘ತಿದ್ದಿಕೆ’ ಅಂತ ಬೋರ್ಡ್ ಹಾಕಿದ ಮುಂದಿನ ವರ್ಷ ಮಕ್ಕಳು ‘ಲೋ, ನಿನ್ನೆ ಅವನಿಗೆ ಸರಿಯಾಗಿ ತಿದ್ದಿಕೆ ಆಯ್ತು ಕಣೋ’ ಅಂತಿರ್ತಾರೆ. ಬರೆದಿಟ್ಟುಕೊಳ್ಳಿ.

ಗೋಕಾಕ ಕರದಂಟು

ಮೈಸೂರ ಅಕ್ಕಾರ ಮಾತು ಖರೆ ಐತಿ. ನಮ್ಮ ಅಪ್ಪನ ಬಾಯಾಗ ಸದಾ ‘ಛಡಿ ಛಂ ಛಂ, ವಿದ್ಯಾ ಘಂ ಘಂ’. ಛಂ ಛಂ ಅಂತೂ ಬಂತು, ಘಂ ಘಂ ಇನ್ನೂ ಹಾದ್ಯಾಗ ಐತಿ.

ಹಳೇ ಮೇಷ್ಟ್ರು, ತುರುವೇಕೆರೆ

ಮೈಸೂರಿನ ತಾಯಿ ಹೇಳಿದ್ದು ಸರಿ, ಆದರೆ ಅದಕ್ಕೊಂದು ದಾರಿ ಇದೆ. ನಾನು ನಿನ್ನನ್ನ ತಿದ್ದುತೀನಿ ಅಂದರೆ ಅದು ಬೆತ್ತದ ಕಡೆ ಜಾರೋದು ಸುಲಭ. ‘ತಿದ್ದಿಕೊ’ ಅಂದರೆ ಜಾರಲ್ಲ. ಕೆಲಸ ಮಗುವಿನ ಕೈಲಿದೆ. ಬೇರೆಯವರು ಹೊಡೆಯಬಹುದು, ‘ಹೊಡೆದುಕೊ’ ಅನ್ನೋಕೆ ಯಾವ ಮೇಷ್ಟ್ರಿಗೂ ಬಾಯಿ ಬರಲ್ಲ. ಕರಡಿನಕ್ಕ ಕೊಟ್ಟ ಉದಾಹರಣೆ ಎಲ್ಲ ಹಂಗೇ ಇವೆ ನೋಡಿ, ಗೋಡೆ ಒರೆಸೋನೂ ಅವನೇ, ಪಾಠ ಬರೆದುಕೊಡೋನೂ ಅವನೇ.

ಕುಂದಾಪುರದವ

ನಮ್ಮ ಕಡೆ ದೈವಕ್ಕೆ ‘ತಪ್ಪು ಕಾಣಿಕೆ’ ಇಡುತ್ತಾರಲ್ಲ, ಅದೂ ಹಾಗೆಯೇ. ಯಾರೂ ವಸೂಲಿಗೆ ಬರುವುದಿಲ್ಲ. ತಪ್ಪಾಯಿತು ಅಂತ ತಾನೇ ಒಪ್ಪಿ, ತಾನೇ ತಂದು ಇಡುವುದು. ಅದೇ ಊರ ಪಂಚಾಯಿತಿಯಲ್ಲಿ ಹತ್ತು ಜನ ಕೂತು ಹಾಕಿದರೆ ‘ತಪ್ಪು ದಂಡ’. ದುಡ್ಡು ಅಷ್ಟೇ ಇರಬಹುದು. ಆದರೆ ಕಾಣಿಕೆ ಇಟ್ಟವ ತಲೆ ಎತ್ತಿ ಮನೆಗೆ ಹೋಗುತ್ತಾನೆ, ದಂಡ ತೆತ್ತವ ಹಾಗೆ ಹೋಗುವುದಿಲ್ಲ.

ತಿಳಿಗನ್ನಡ

ತಿದ್ದಿಕೊಳ್ಳುವಿಕೆ? ಉದ್ದ ಆಯ್ತು. ಆದರೂ ಆಗಬಹುದು.

ಕರಡಿನಕ್ಕ, ಧಾರವಾಡ

ಎಲ್ಲರಿಗೂ ಶರಣು. ‘ವಿಕೆ’ ಅಂತ ಮುಗಿಯುವ ಪದ ಪಾಲಕರಿಗೆ ಕೊಟ್ಟರೆ ಅದನ್ನ ಓದೋದೇ ಒಂದು ಶಿಕ್ಷೆ, ಹಾಗಾಗಿ ನಾಮಪದದ ಆಸೆ ಬಿಟ್ಟೆ. ‘ತಪ್ಪಾದಾಗ ತಿದ್ದಿಕೊಳ್ಳುವುದು ಹೇಗೆ?’ ಅಂತ ತಲೆಬರಹ ಕಳಿಸಿದೆ, ಮಂಡಳಿಯವರು ಒಪ್ಪಿದರು. ಕೆಳದಿ ಸೀಮೆಯವರ ಮಾತು ಹಿಡಿದು, ಯಾವ ತಪ್ಪಿಗೆ ಏನು, ಎಲ್ಲಿಗೆ ನಿಲ್ಲಬೇಕು ಅಂತ ಒಂದು ಪುಟ ಸೇರಿಸಿದ್ದೇನೆ. ‘ಶಿಕ್ಷೆ’ ಪದ ಇಡೀ ಪುಸ್ತಕದಲ್ಲಿ ಒಂದೇ ಕಡೆ ಉಳಿದಿದೆ: ‘ಈ ಶಾಲೆಯಲ್ಲಿ ದೈಹಿಕ ಶಿಕ್ಷೆ ಇಲ್ಲ’ ಅನ್ನುವಲ್ಲಿ. ಅಲ್ಲಿ ‘ಣ’ ಸೇರಿಕೊಳ್ಳದ ಹಾಗೆ ಮೂರು ಸಲ ನೋಡಿದ್ದೇನೆ. ಸೇರಿದರೆ ಮಕ್ಕಳ ಆಟವೇ ನಿಂತುಹೋಗುತ್ತೆ.

ಇನ್ನೊಂದು ಉಳಿದಿದೆ. ಗ್ರಂಥಾಲಯದ ಪುಸ್ತಕ ತಡವಾಗಿ ತಂದರೆ ದಿನಕ್ಕೆ ಒಂದು ರೂಪಾಯಿ ಅಂತಿದೆ. ಅದಕ್ಕೂ ಏನಾದರೂ ಮೆತ್ತನೆಯ ಪದ ಹುಡುಕಬೇಕಾ?

ಕರಿಕೋಟು, ಕಲಬುರಗಿ

ಏನೂ ಬೇಡ. ಅದು ದಂಡ. ಒಂದು ರೂಪಾಯಿ ಕಟ್ಟಲಿ.